ವಿಂಡೋಸ್ 10ರಿಂದ 11ಕ್ಕೆ: ನಮ್ಮ ಕಾಲೇಜಿನ ವಾಲ್ಯೂಮ್ ಲೈಸೆನ್ಸ್ ಅಪ್‌ಗ್ರೇಡ್ ಅನುಭವ

ವಿಂಡೋಸ್ 10ಕ್ಕೆ ಉಚಿತವಾಗಿ ಸಿಗುತ್ತಿದ್ದ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತವೆ ಎಂಬುದು ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ. ಆದರೂ ದಕ್ಷಿಣ ಬೆಂಗಳೂರಿನ ನಮ್ಮ ಪದವಿ ಕಾಲೇಜಿನ ಆಡಳಿತ ಮಂಡಳಿಯ ಮುಂದೆ ಆ ವಿಷಯ ಬಂದದ್ದು ಆ ವರ್ಷದ ಜೂನ್‌ನಲ್ಲಿ, ಪ್ರವೇಶಾತಿಯ ಗಲಾಟೆಯ ನಡುವೆ. ಗಣಕ ವಿಜ್ಞಾನ ವಿಭಾಗದಲ್ಲಿ ಪಾಠ ಮಾಡುವವಳು ಎಂಬ ಒಂದೇ ಕಾರಣಕ್ಕೆ ಕೆಲಸ ನನ್ನ ಹೆಗಲಿಗೆ ಬಿತ್ತು. ಒಂದು ಸಂಸ್ಥೆಯ ಹಲವು ಯಂತ್ರಗಳಿಗೆ ಒಂದೇ ಒಪ್ಪಂದದಡಿ ಸಿಗುವ ಅನುಮತಿಗೆ ವಾಲ್ಯೂಮ್ ಲೈಸೆನ್ಸ್ ಎನ್ನುತ್ತಾರೆ. “ನಮ್ಮ ಹತ್ರ ವಾಲ್ಯೂಮ್ ಲೈಸೆನ್ಸ್ ಇದೆಯಲ್ಲಮ್ಮ, ದಸರಾ ರಜೆಯಲ್ಲಿ ಹಾಕಿಸಿಬಿಡಿ” ಎಂದು ಪ್ರಾಂಶುಪಾಲರು ಹೇಳಿದಾಗ ನಾನೂ ಅದು ರಜೆಯೊಳಗೆ ಮುಗಿಯುವ ಕೆಲಸವೆಂದೇ ಭಾವಿಸಿದ್ದೆ. ಎರಡು ಲ್ಯಾಬ್, ಗ್ರಂಥಾಲಯ, ಕಚೇರಿ ಮತ್ತು ವಿಭಾಗಗಳೆಲ್ಲ ಸೇರಿ ನೂರರ ಆಸುಪಾಸಿನಲ್ಲಿರುವ ನಮ್ಮ ಯಂತ್ರಗಳ ಕೆಲಸ ಪೂರ್ತಿಯಾಗುವಷ್ಟರಲ್ಲಿ ನವೆಂಬರ್ ಕಳೆದಿತ್ತು. ಅದರಲ್ಲಿ ವಿಂಡೋಸ್ ಹಾಕುವುದಕ್ಕೆ ಹಿಡಿದ ಸಮಯ ಕಡಿಮೆ. ಹೆಚ್ಚಿನದೆಲ್ಲ ಹೋದದ್ದು ಕಾಗದಪತ್ರಗಳಿಗೆ, ಯಂತ್ರಗಳ ತಪಾಸಣೆಗೆ ಮತ್ತು ಕಾಯುವುದಕ್ಕೆ. ಶಾಲೆ, ಕಾಲೇಜು, ಟ್ರಸ್ಟ್ ಕಚೇರಿಗಳಲ್ಲಿ ಇದೇ ಕೆಲಸ ಕೈಗೆತ್ತಿಕೊಳ್ಳುವವರಿಗೆ ಉಪಯೋಗವಾದೀತೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ತಡೆ ಎದುರಾದದ್ದು ಲಾಗಿನ್‌ನಲ್ಲಿ. ಒಪ್ಪಂದದ ವಿವರ, ಪ್ರಾಡಕ್ಟ್ ಕೀ, ಡೌನ್‌ಲೋಡ್ ಇವೆಲ್ಲ ಮೊದಲು ವಾಲ್ಯೂಮ್ ಲೈಸೆನ್ಸಿಂಗ್ ಸರ್ವಿಸ್ ಸೆಂಟರ್ ಎಂಬ ಪ್ರತ್ಯೇಕ ತಾಣದಲ್ಲಿ ಸಿಗುತ್ತಿದ್ದವು. ಈಗ ಅವು ಮೈಕ್ರೋಸಾಫ್ಟ್ 365ರ ಅಡ್ಮಿನ್ ಸೆಂಟರ್‌ಗೆ ಬಂದಿವೆ. ಅಲ್ಲಿಗೆ ಹೋಗಲು ಸಂಸ್ಥೆಯ ಸ್ವಂತ ಡೊಮೈನ್‌ನ ಖಾತೆ ಬೇಕು. ನಮ್ಮ ಒಪ್ಪಂದವಾದರೋ ಕೆಲವು ವರ್ಷಗಳ ಹಿಂದೆ ನಿವೃತ್ತರಾದ ಕಚೇರಿ ಅಧೀಕ್ಷಕರ ವೈಯಕ್ತಿಕ ಇ-ಮೇಲ್‌ಗೆ ಜೋಡಿಸಲ್ಪಟ್ಟಿತ್ತು. ಪುಣ್ಯಕ್ಕೆ ಅವರು ಮೈಸೂರಿನಲ್ಲಿ ಮಗನ ಮನೆಯಲ್ಲಿ ಆರಾಮವಾಗಿದ್ದರು, ಫೋನಿಗೂ ಸಿಕ್ಕರು. ಆದರೆ ಆ ಇ-ಮೇಲ್‌ನ ಪಾಸ್‌ವರ್ಡ್ ಅವರಿಗೆ ನೆನಪಿರಲಿಲ್ಲ, ಒಟಿಪಿ ಹೋಗುತ್ತಿದ್ದ ಮೊಬೈಲ್ ಸಂಖ್ಯೆಯನ್ನು ಅವರು ಎಂದೋ ಬಿಟ್ಟಿದ್ದರು. ಕೊನೆಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಹೊಸ ಅಧಿಕೃತ ವ್ಯಕ್ತಿಯನ್ನು ಸೂಚಿಸುವ ಪತ್ರ, ಟ್ರಸ್ಟ್ ಕಾರ್ಯದರ್ಶಿಗಳ ಸಹಿ, ಹಳೆಯ ಒಪ್ಪಂದದ ಸಂಖ್ಯೆಯಿರುವ ಇನ್‌ವಾಯ್ಸ್, ಟ್ರಸ್ಟಿನ ಪ್ಯಾನ್ ಪ್ರತಿ, ವಿಶ್ವವಿದ್ಯಾಲಯದ ಸಂಯೋಜನೆಯ ಪತ್ರ ಇಷ್ಟನ್ನೂ ಸ್ಕ್ಯಾನ್ ಮಾಡಿ ಮಾರಾಟಗಾರರ ಮೂಲಕ ಕಳಿಸಬೇಕಾಯಿತು. ಟ್ರಸ್ಟಿನ ಹೆಸರು ಪ್ಯಾನ್ ಕಾರ್ಡಿನಲ್ಲಿ ಒಂದು ರೀತಿ, ಸಂಯೋಜನೆಯ ಪತ್ರದಲ್ಲಿ ಇನ್ನೊಂದು ರೀತಿ ಇದ್ದುದರಿಂದ ಅರ್ಜಿ ಒಮ್ಮೆ ವಾಪಸು ಬಂತು. ಎರಡೂ ಒಂದೇ ಸಂಸ್ಥೆ ಎಂದು ಕಾರ್ಯದರ್ಶಿಗಳು ಬರೆದುಕೊಟ್ಟ ಮೇಲೆ ಮುಂದೆ ಸರಿಯಿತು. ವಾರಗಟ್ಟಲೆ ನಡೆದ ಈ ಪತ್ರ ವ್ಯವಹಾರದ ಅವಧಿಯಲ್ಲಿ ಒಂದು ಕಂಪ್ಯೂಟರ್‌ನ್ನೂ ನಾವು ಮುಟ್ಟಿರಲಿಲ್ಲ. ಹಾಗಾಗಿ ಅಪ್‌ಗ್ರೇಡ್ ಯೋಚನೆ ಇಲ್ಲದವರೂ ತಮ್ಮ ಒಪ್ಪಂದ ಯಾರ ಇ-ಮೇಲ್‌ನಲ್ಲಿದೆ ಎಂದು ಈಗಲೇ ನೋಡಿಕೊಳ್ಳುವುದು ಒಳ್ಳೆಯದು. ಕಾಲೇಜಿನ ಡೊಮೈನ್‌ನಲ್ಲಿ, ಯಾವ ವ್ಯಕ್ತಿಯ ಹೆಸರಿಗೂ ಅಂಟಿಕೊಳ್ಳದ ಒಂದು ಕಚೇರಿ ಖಾತೆ ಮಾಡಿ, ಕನಿಷ್ಠ ಇಬ್ಬರನ್ನು ನಿರ್ವಾಹಕರನ್ನಾಗಿ ಸೇರಿಸಿಡಿ.

ಒಪ್ಪಂದ ತೆರೆದು ನೋಡಿದರೆ ನವೀಕರಣದ ದಿನಾಂಕ ಸಮೀಪಿಸಿತ್ತು. ನಮ್ಮದು ವರ್ಷಕ್ಕೊಮ್ಮೆ ಹಣ ಕಟ್ಟುವ ಶೈಕ್ಷಣಿಕ ಒಪ್ಪಂದ. ಇದರಲ್ಲಿ ಎಣಿಸುವುದು ಕಂಪ್ಯೂಟರ್‌ಗಳನ್ನಲ್ಲ, ಸಿಬ್ಬಂದಿಯನ್ನು. ಅರೆಕಾಲಿಕ ಬೋಧಕರು ಮೂವರಿದ್ದರೆ ಒಬ್ಬರ ಲೆಕ್ಕ. ಅತಿಥಿ ಉಪನ್ಯಾಸಕರನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುವ ನಮ್ಮಂಥ ಕಾಲೇಜುಗಳಿಗೆ ಇದು ಸಣ್ಣ ಉಳಿತಾಯವಲ್ಲ. ಹಿಂದಿನ ವರ್ಷಗಳಲ್ಲಿ ಅವರನ್ನೂ ಪೂರ್ಣಾವಧಿಯವರಂತೆ ಸೇರಿಸಿ ಬಿಲ್ ಕಟ್ಟಲಾಗಿತ್ತು ಎಂಬುದು ಹಾಜರಿ ಪುಸ್ತಕವನ್ನೂ ಇನ್‌ವಾಯ್ಸನ್ನೂ ಅಕ್ಕಪಕ್ಕ ಇಟ್ಟಾಗ ಕಂಡಿತು.

ಮೂರು ಕೊಟೇಶನ್ ಇಲ್ಲದೆ ನಮ್ಮ ಟ್ರಸ್ಟಿನಲ್ಲಿ ಒಂದು ಬೀರುವನ್ನೂ ಕೊಳ್ಳುವಂತಿಲ್ಲ. ಶೈಕ್ಷಣಿಕ ದರದ ಲೈಸೆನ್ಸನ್ನು ಅದಕ್ಕೆಂದೇ ಅಧಿಕೃತಗೊಂಡ ಮಾರಾಟಗಾರರು ಮಾತ್ರ ಮಾರಬಹುದು. ಅಂಥ ಇಬ್ಬರಿಂದ ಕೊಟೇಶನ್ ಬಂತು. ಮೂರನೆಯದು ಸಾದರ ಪತ್ರಪ್ಪ ರಸ್ತೆಯ ಒಂದು ಅಂಗಡಿಯಿಂದ, ಖಜಾಂಚಿಯವರ ಪರಿಚಯದ ಮೇಲೆ ಬಂದದ್ದು. ಅದರಲ್ಲಿ ‘ವಾಲ್ಯೂಮ್ ಕೀ, ಜೀವನಪರ್ಯಂತ’ ಎಂದು ಬರೆದು ಯಂತ್ರಕ್ಕೆ ಕೆಲವೇ ನೂರು ರೂಪಾಯಿಗಳ ದರ ಹಾಕಿದ್ದರು. ಸಭೆಯಲ್ಲಿ ಖಜಾಂಚಿಯವರು, “ಎರಡೂ ಅದೇ ವಿಂಡೋಸ್ ತಾನೇ ಮೇಡಂ? ಕಡಿಮೆಗೆ ಸಿಗೋದನ್ನ ಬಿಟ್ಟು ಜಾಸ್ತಿ ಕೊಡೋಕೆ ಆಡಿಟರ್‌ಗೆ ಏನು ಕಾರಣ ಹೇಳಲಿ?” ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ವಾಲ್ಯೂಮ್ ಕೀ ಎಂಬುದು ಯಾವುದೋ ಒಂದು ಸಂಸ್ಥೆಯ ಒಪ್ಪಂದಕ್ಕೆ ಕೊಟ್ಟದ್ದು, ಅದನ್ನು ಬಿಡಿಬಿಡಿಯಾಗಿ ಮಾರುವ ಹಕ್ಕು ಯಾರಿಗೂ ಇಲ್ಲ, ಬೇರೆಯವರ ಕೀ ಇಂದು ಒಪ್ಪಿಕೊಂಡರೂ ನಾಳೆ ರದ್ದಾಗಬಹುದು, ಆಗ ನಮ್ಮ ಕೈಯಲ್ಲಿ ಲೈಸೆನ್ಸ್ ಇದೆಯೆಂದು ತೋರಿಸಲು ಒಂದು ಚೀಟಿಯೂ ಇರುವುದಿಲ್ಲ ಎಂದು ವಿವರಿಸಿದೆ. ಅವರು ಒಪ್ಪಿದರು, ಆದರೆ ಅದನ್ನೆಲ್ಲ ಬರೆದು ಕಡತಕ್ಕೆ ಸೇರಿಸಬೇಕೆಂದರು. ಆ ಟಿಪ್ಪಣಿ ಬರೆದದ್ದು ಲಾಭವೇ ಆಯಿತು. ಮುಂದೆ ಲೆಕ್ಕಪರಿಶೋಧಕರು ಅದನ್ನೇ ಕೇಳಿದರು. ಇನ್ನೊಂದು ಮಾತು: ಕೊಟೇಶನ್‌ಗಳನ್ನು ಹೋಲಿಸುವಾಗ 18 ಶೇಕಡಾ ಜಿಎಸ್‌ಟಿ ಸೇರಿಸಿಯೇ ಹೋಲಿಸಿ. ಶಿಕ್ಷಣ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ನಾವು ಕಟ್ಟಿದ ತೆರಿಗೆಯನ್ನು ಹಿಂಪಡೆಯುವ ದಾರಿಯಿಲ್ಲ, ಅದು ಪೂರ್ತಿ ಖರ್ಚೇ.

ಇಷ್ಟಾದ ಮೇಲೆ ಬಂದ ಅಡ್ಡಿಯೇ ಎಲ್ಲಕ್ಕಿಂತ ದೊಡ್ಡದು. ಅದರ ಬಗ್ಗೆ ನಮಗೆ ಮೊದಲೇ ಯಾರೂ ಹೇಳಿರಲಿಲ್ಲ. ವಿಂಡೋಸ್‌ನ ವಾಲ್ಯೂಮ್ ಲೈಸೆನ್ಸ್ ತಾನೇ ತಾನಾಗಿ ನಿಲ್ಲುವ ಪೂರ್ಣ ಲೈಸೆನ್ಸ್ ಅಲ್ಲ. ಅದು ಅಪ್‌ಗ್ರೇಡ್‌ನ ಹಕ್ಕು ಮಾತ್ರ. ಯಂತ್ರದ ಮೇಲೆ ಮೊದಲೇ ಒಂದು ಅರ್ಹ ವಿಂಡೋಸ್ ಲೈಸೆನ್ಸ್ ಇದ್ದರೆ ಮಾತ್ರ ಅದರ ಮೇಲೆ ಇದು ಕೂರುತ್ತದೆ. ಕೆಳಗಿನ ಮಹಡಿ ನಿಮ್ಮ ಹೆಸರಿನಲ್ಲಿಲ್ಲದೆ ಮೇಲಿನ ಮಹಡಿ ಕಟ್ಟಲು ಪರವಾನಗಿ ಪಡೆದಂತೆ. ದೊಡ್ಡ ಕಂಪನಿಗಳ ಸಿದ್ಧ ಕಂಪ್ಯೂಟರ್‌ಗಳು ವಿಂಡೋಸ್ ಜೊತೆಗೇ ಬರುವುದರಿಂದ ಅವುಗಳ ಚಿಂತೆಯಿಲ್ಲ. ನಮ್ಮ ಎರಡನೇ ಲ್ಯಾಬ್ ಮಾತ್ರ ಬಿಡಿಭಾಗಗಳನ್ನು ತಂದು ಅಸೆಂಬಲ್ ಮಾಡಿಸಿದ್ದು, ಖರೀದಿಯ ಬಿಲ್‌ನಲ್ಲಿ ಮದರ್‌ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಎಲ್ಲವೂ ಇದೆ, ವಿಂಡೋಸ್ ಇಲ್ಲ. ವರ್ಷಗಳಿಂದ ಅವೂ ವಾಲ್ಯೂಮ್ ಲೈಸೆನ್ಸ್‌ನಲ್ಲೇ ನಡೆಯುತ್ತಿವೆ ಎಂದು ಎಲ್ಲರೂ ನಂಬಿದ್ದರು.

ಲ್ಯಾಬ್ ಸಹಾಯಕನೂ ನಾನೂ ಕೂತು ಒಂದೊಂದೇ ಯಂತ್ರವನ್ನು ಪರೀಕ್ಷಿಸಿದೆವು. ವಿಂಡೋಸ್ 8ರ ನಂತರದ ಸಿದ್ಧ ಕಂಪ್ಯೂಟರ್‌ಗಳಲ್ಲಿ ಮೂಲ ಕೀ ಬಯಾಸ್ ಚಿಪ್ಪಿನಲ್ಲೇ (ಯಂತ್ರ ಚಾಲೂ ಆದಾಗ ಮೊದಲು ಓಡುವ ತಂತ್ರಾಂಶವಿರುವ ಚಿಪ್ಪು) ಇರುತ್ತದೆ. ಪವರ್‌ಶೆಲ್‌ನಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟರೆ ಅದು ಕಾಣುತ್ತದೆ. ಅದಕ್ಕಿಂತ ಹಳೆಯವಕ್ಕೆ ಕ್ಯಾಬಿನೆಟ್ ಮೇಲಿನ ಸ್ಟಿಕ್ಕರ್ ಮತ್ತು ಬಿಲ್ಲೇ ಸಾಕ್ಷಿ. ಅಸೆಂಬಲ್ ಯಂತ್ರಗಳಲ್ಲಿ ಆ ಆಜ್ಞೆಗೆ ಖಾಲಿ ಸಾಲು ಬಂತು. ಆಕ್ಟಿವೇಶನ್, ಅಂದರೆ ವಿಂಡೋಸ್‌ನ ಲೈಸೆನ್ಸ್ ದೃಢೀಕರಣದ ವಿವರ ತೋರಿಸುವ ಎಸ್‌ಎಲ್‌ಎಂಜಿಆರ್ ಎಂಬ ಸ್ಕ್ರಿಪ್ಟನ್ನು ಓಡಿಸಿದರೆ, ಅವುಗಳಿಗೆ ಅನುಮತಿ ಕೊಡುತ್ತಿದ್ದ ಸರ್ವರ್‌ನ ಹೆಸರಿನ ಜಾಗದಲ್ಲಿ ನಮಗೆ ಸಂಬಂಧವೇ ಇಲ್ಲದ ಯಾವುದೋ ವಿಳಾಸವಿತ್ತು. ಹಿಂದೆ ಯಾರೋ ತಂತ್ರಜ್ಞರು ಬಂದು, ಲೈಸೆನ್ಸ್ ಇಲ್ಲದೆಯೇ ಆಕ್ಟಿವೇಟ್ ಮಾಡುವ ಒಂದು ‘ಟೂಲ್’ ಹಾಕಿ ಹೋಗಿದ್ದರು. ಲ್ಯಾಬ್ ಸಹಾಯಕ ಪರದೆಯನ್ನೇ ನೋಡುತ್ತಾ, “ಮೇಡಂ, ಇದು ಎಲ್ಲಾ ಕಡೆ ಹೀಗೇ ಇರುತ್ತೆ” ಎಂದ. ಇರಬಹುದು, ಆದರೆ ವಿದ್ಯಾರ್ಥಿಗಳಿಗೆ ಸೈಬರ್ ಭದ್ರತೆ ಪಾಠ ಮಾಡುವ ಲ್ಯಾಬ್‌ನಲ್ಲೇ, ಆಂಟಿವೈರಸ್‌ಗೆ ಕಣ್ಣು ಮುಚ್ಚಿಸಿ ಕೂತಿರುವ ಅನಾಮಧೇಯ ತಂತ್ರಾಂಶವಿರುವುದು ನನಗೆ ಆ ರಾತ್ರಿ ನಿದ್ದೆ ಕೊಡಲಿಲ್ಲ.

ಇಲ್ಲಿ ಹಣ ಉಳಿಸುವ ಒಂದು ಅಂಶ ಗೊತ್ತಿರಲಿ. ವಾಣಿಜ್ಯ ಒಪ್ಪಂದಗಳಲ್ಲಿ ಕೆಳಗಿನ ಲೈಸೆನ್ಸ್ ಪ್ರೊ ಆವೃತ್ತಿಯದಾಗಿರಬೇಕು, ಹೋಮ್ ನಡೆಯುವುದಿಲ್ಲ. ಶೈಕ್ಷಣಿಕ ಒಪ್ಪಂದಗಳಲ್ಲಿ ಹೋಮ್ ಕೂಡ ನಡೆಯುತ್ತದೆ. ಹಾಗಾಗಿ ಅಸೆಂಬಲ್ ಯಂತ್ರಗಳಿಗೆ ಪ್ರೊ ಬದಲು ಹೋಮ್‌ನ ಪೂರ್ಣ ಲೈಸೆನ್ಸ್ ಕೊಂಡು, ಅದರ ಮೇಲೆ ಒಪ್ಪಂದದ ಎಜುಕೇಶನ್ ಆವೃತ್ತಿ ಹಾಕಿದರೆ ಸಾಕು. ಆದರೂ ಅಷ್ಟು ಲೈಸೆನ್ಸ್‌ಗಳ ಖರ್ಚು ಬಜೆಟ್‌ನಲ್ಲಿ ಇರಲಿಲ್ಲ. ಮತ್ತೊಂದು ಸಭೆ, ಮತ್ತೊಂದು ಠರಾವು. ಆ ಚೆಕ್ಕಿಗಾಗಿ ಕಾಯುವಾಗ ಗಣೇಶ ಚತುರ್ಥಿಯೂ ಕಳೆಯಿತು.

ಕಾಯುವ ಆ ಹೊತ್ತಿನಲ್ಲಿ ಯಂತ್ರಗಳ ಅರ್ಹತೆ ನೋಡಿದೆವು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ನಂತರದ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಘಟಕ, ಸೆಕ್ಯೂರ್ ಬೂಟ್ ಸೌಲಭ್ಯವಿರುವ (ಬಯಾಸ್‌ನ ಹೊಸ ರೂಪವಾದ) ಯುಇಎಫ್‌ಐ, 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಡಿಸ್ಕ್ ಬೇಕು. ಟಿಪಿಎಂ ಇಲ್ಲ ಎಂಬ ಸಂದೇಶ ಕಂಡ ಕೂಡಲೇ ಹೊಸ ಯಂತ್ರ ಬೇಕೆಂದು ಹೇಳುವವರನ್ನು ನಂಬಬೇಡಿ; ನಮ್ಮ ಬಹುಪಾಲು ಯಂತ್ರಗಳಲ್ಲಿ ಅದು ಇತ್ತು, ಬಯಾಸ್‌ನಲ್ಲಿ ಆಫ್ ಮಾಡಿಟ್ಟಿದ್ದರು. ಇಂಟೆಲ್ ಬೋರ್ಡ್‌ಗಳಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆದರೆ ಮುಟ್ಟುವ ಮುನ್ನ ಆ ಯಂತ್ರದಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿದೆಯೇ ನೋಡಿ, ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಡಿಸ್ಕ್‌ನ ಹಳೆಯ ಎಂಬಿಆರ್ ವಿನ್ಯಾಸವನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿಗೆ ಬದಲಿಸಲು ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಎಂಬ ಸಾಧನವಿದೆ, ಮಾಹಿತಿ ಅಳಿಯುವುದಿಲ್ಲ; ಆದರೆ ಒಳಗೆ ಹಲವು ಡ್ರೈವ್‌ಗಳಿರುವ ಎಕ್ಸ್‌ಟೆಂಡೆಡ್ ಪಾರ್ಟಿಶನ್ ಇದ್ದರೆ ಅದು ಒಪ್ಪುವುದಿಲ್ಲ. ನಮ್ಮೂರಿನ ಅಂಗಡಿಗಳಲ್ಲಿ ಕಂಪ್ಯೂಟರ್ ಕೊಡುವಾಗ ಕೇಳದಿದ್ದರೂ ಡಿ, ಇ, ಎಫ್ ಡ್ರೈವ್ ಮಾಡಿಯೇ ಕೊಡುವ ಪದ್ಧತಿಯಿದೆಯಲ್ಲ, ಅದರಿಂದಾಗಿ ಕಚೇರಿಯ ಯಂತ್ರಗಳಲ್ಲಿ ಇದು ಕೈಕೊಟ್ಟಿತು. ಅವುಗಳ ಮಾಹಿತಿಯನ್ನೆಲ್ಲ ಬೇರೆ ಹಾರ್ಡ್ ಡಿಸ್ಕಿಗೆ ತೆಗೆದು ಹೊಸದಾಗಿಯೇ ಹಾಕಿದೆವು.

ಪ್ರೊಸೆಸರ್ ಹಳೆಯದಾಗಿದ್ದ ಗ್ರಂಥಾಲಯದ ಯಂತ್ರಗಳಿಗೆ ಏನೂ ಮಾಡುವಂತಿರಲಿಲ್ಲ. ಅರ್ಹತೆಯ ಪರೀಕ್ಷೆಯನ್ನೇ ತಪ್ಪಿಸಿ ಹಾಕುವ ಉಪಾಯಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಸಂಸ್ಥೆಯ ಯಂತ್ರಗಳಿಗೆ ಅವು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ವಿಂಡೋಸ್ 10ಕ್ಕೆ ಇನ್ನೂ ಮೂರು ವರ್ಷದವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಇಎಸ್‌ಯು ಯೋಜನೆ ಇದೆ. ಇತರ ಸಂಸ್ಥೆಗಳಿಗೆ ಅದರ ಮೊದಲ ವರ್ಷದ ದರ ಯಂತ್ರಕ್ಕೆ 61 ಡಾಲರ್, ವರ್ಷದಿಂದ ವರ್ಷಕ್ಕೆ ದುಪ್ಪಟ್ಟು. ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷ 1 ಡಾಲರ್, ನಂತರ 2, ನಂತರ 4. ಈ ಅಂತರ ಕಂಡು ನಾನು ಮಾರಾಟಗಾರರಿಂದ ಎರಡು ಸಲ ಖಚಿತಪಡಿಸಿಕೊಂಡೆ. ಅದು ಸಿಗಬೇಕಾದರೆ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಲೇಬೇಕು.

ದಸರಾ ರಜೆಯಲ್ಲಿ ನಿಜವಾದ ಕೆಲಸ ಆರಂಭವಾಯಿತು. ಅಡ್ಮಿನ್ ಸೆಂಟರ್‌ನಿಂದ ವಿಂಡೋಸ್ ಹಾಕಲು ಬೇಕಾದ ಐಎಸ್‌ಒ ಕಡತವನ್ನು ಒಮ್ಮೆ ಇಳಿಸಿ ಪೆನ್‌ಡ್ರೈವ್‌ಗಳಿಗೆ ಹಾಕಿಕೊಂಡೆವು. ವಾಲ್ಯೂಮ್ ಒಪ್ಪಂದದ ಐಎಸ್‌ಒದಲ್ಲಿ ಹೋಮ್ ಆವೃತ್ತಿ ಇರುವುದಿಲ್ಲ. ಆದರೆ ಬಯಾಸ್‌ನಲ್ಲಿ ಹೋಮ್ ಕೀ ಇರುವ ಯಂತ್ರದಲ್ಲಿ ಸೆಟಪ್ ತಾನಾಗಿಯೇ ಆ ಕೀಯನ್ನು ಓದಿಕೊಂಡು, ಇದಕ್ಕೆ ಹೊಂದುವ ವಿಂಡೋಸ್ ಇಲ್ಲಿಲ್ಲ ಎಂದು ನಿಂತುಬಿಡುತ್ತದೆ. ಪೆನ್‌ಡ್ರೈವ್‌ನ ಸೋರ್ಸಸ್ ಫೋಲ್ಡರ್‌ನಲ್ಲಿ ಪಿಐಡಿ ಎಂಬ ಹೆಸರಿನ ಪಠ್ಯ ಕಡತ ಮಾಡಿ ಅದರಲ್ಲಿ ಎಜುಕೇಶನ್ ಆವೃತ್ತಿಯ ಸಾಮಾನ್ಯ ವಾಲ್ಯೂಮ್ ಕೀ ಬರೆದಿಟ್ಟರೆ ಈ ತೊಂದರೆ ಇರುವುದಿಲ್ಲ. ಈ ಸಾಮಾನ್ಯ ಕೀ ಗುಟ್ಟಿನದಲ್ಲ. ಮೈಕ್ರೋಸಾಫ್ಟ್ ತನ್ನ ತಾಣದಲ್ಲೇ ಪ್ರಕಟಿಸಿದೆ. ಅದು ಯಂತ್ರಕ್ಕೆ ನಿಮ್ಮ ಸಂಸ್ಥೆಯೊಳಗೇ ಆಕ್ಟಿವೇಶನ್ ಅನುಮತಿ ಕೊಡುವ ಕೆಎಂಎಸ್ ಸರ್ವರ್‌ನ್ನು ಹುಡುಕು ಎಂದು ಹೇಳುತ್ತದೆ, ಅಷ್ಟೇ. ಗುಟ್ಟಾಗಿಡಬೇಕಾದದ್ದು ಆ ಸರ್ವರ್‌ಗೆ ಹಾಕುವ ಹೋಸ್ಟ್ ಕೀ. ಅದನ್ನು ಆರು ಯಂತ್ರಗಳಲ್ಲಿ ಮಾತ್ರ ಬಳಸಬಹುದು.

ಎಸ್‌ಎಸ್‌ಡಿ ಇದ್ದ ಯಂತ್ರಗಳಲ್ಲಿ ಕೆಲಸ ಒಂದು ತಾಸಿನೊಳಗೆ ಮುಗಿಯುತ್ತಿತ್ತು. ಹಳೆಯ ಹಾರ್ಡ್ ಡಿಸ್ಕ್ ಇದ್ದವು ಅರ್ಧ ದಿನ ನುಂಗಿದವು, ಮುಗಿದ ಮೇಲೂ ಕುಂಟುತ್ತಿದ್ದವು; ಅವುಗಳಿಗೆ ಸುಮಾರು ಎರಡು ಸಾವಿರ ರೂಪಾಯಿಯ 256 ಜಿಬಿ ಎಸ್‌ಎಸ್‌ಡಿ ಹಾಕಿಸಿದೆವು. ಇಡೀ ಯೋಜನೆಯಲ್ಲಿ ಎಲ್ಲರ ಕಣ್ಣಿಗೂ ಕಂಡ ಸುಧಾರಣೆ ಇದೇ. ಕರೆಂಟು ಹೋದಾಗ ಲ್ಯಾಬಿನ ಯುಪಿಎಸ್ ಹತ್ತು ನಿಮಿಷವೂ ನಿಲ್ಲದ ಸ್ಥಿತಿಯಲ್ಲಿದ್ದುದರಿಂದ ಮಳೆಯ ಸಂಜೆಗಳಲ್ಲಿ ಯಾವ ಯಂತ್ರವನ್ನೂ ಅಪ್‌ಗ್ರೇಡ್‌ಗೆ ಹಚ್ಚಲಿಲ್ಲ.

ಆಕ್ಟಿವೇಶನ್ ಮಾತ್ರ ನಮ್ಮನ್ನು ಬಹಳ ಸತಾಯಿಸಿತು. ಕೆಎಂಎಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಯಂತ್ರವೂ ಇಂಟರ್‌ನೆಟ್‌ಗೆ ಹೋಗಿ ಅನುಮತಿ ಕೇಳುವುದಿಲ್ಲ. ಕಾಲೇಜಿನೊಳಗಿನ ಸರ್ವರ್‌ನ್ನು 1688ನೇ ಪೋರ್ಟ್‌ನಲ್ಲಿ ಕೇಳುತ್ತದೆ. ಆ ಸರ್ವರ್ ಕನಿಷ್ಠ 25 ಬೇರೆಬೇರೆ ಯಂತ್ರಗಳು ಬಂದು ಕೇಳುವವರೆಗೆ ಯಾರಿಗೂ ಅನುಮತಿ ಕೊಡುವುದಿಲ್ಲ. ಮೊದಲ ಲ್ಯಾಬ್‌ನಲ್ಲಿ ಎಲ್ಲವೂ ಒಂದೇ ಮಾದರಿಯ ಯಂತ್ರಗಳಾದ್ದರಿಂದ ಒಂದನ್ನು ಸಿದ್ಧಪಡಿಸಿ ಅದರ ಪ್ರತಿಯನ್ನೇ ಉಳಿದವಕ್ಕೆ ಕ್ಲೋನ್ ಮಾಡಲಾಗಿತ್ತು. ಹೀಗೆ ಒಂದೇ ಇಮೇಜನ್ನು (ಸಿದ್ಧಪಡಿಸಿದ ಡಿಸ್ಕಿನ ಪ್ರತಿಯನ್ನು) ಎಲ್ಲಕ್ಕೂ ಹಾಕುವ ಹಕ್ಕು ವಾಲ್ಯೂಮ್ ಲೈಸೆನ್ಸ್‌ನ ದೊಡ್ಡ ಅನುಕೂಲಗಳಲ್ಲೊಂದು. ಆದರೆ ಲ್ಯಾಬ್ ತುಂಬ ಯಂತ್ರಗಳು ಓಡುತ್ತಿದ್ದರೂ ಸರ್ವರ್‌ನ ಎಣಿಕೆ ಒಂದಂಕಿಯನ್ನು ದಾಟಲಿಲ್ಲ. ಪ್ರತಿ ಪರದೆಯ ಮೇಲೂ ಕೊನೆಯಲ್ಲಿ ಎಫ್038 ಎಂದಿರುವ ದೋಷ ಸಂಖ್ಯೆ. ವಿಚಾರಿಸಿದಾಗ ತಿಳಿದದ್ದು: ಸರ್ವರ್ ಯಂತ್ರಗಳನ್ನು ಗುರುತಿಸುವುದು ಸಿಎಂಐಡಿ ಎಂಬ ಒಂದು ಗುರುತಿನಿಂದ, ಸಿಸ್‌ಪ್ರೆಪ್ ಎಂಬ ಸಾಧನದಿಂದ ಇಮೇಜನ್ನು ಸಾಮಾನ್ಯೀಕರಿಸದೆ ಕ್ಲೋನ್ ಮಾಡಿದರೆ ಎಲ್ಲ ಯಂತ್ರಗಳಿಗೂ ಅದೇ ಗುರುತು ಹೋಗುತ್ತದೆ, ಸರ್ವರ್‌ನ ಕಣ್ಣಿಗೆ ಅವೆಲ್ಲ ಒಂದೇ ಯಂತ್ರ.

ಇದಕ್ಕೆ ರೀಆರ್ಮ್ ಎಂಬ ಆಜ್ಞೆ ಕೊಟ್ಟು ಮರುಚಾಲನೆ ಮಾಡುವ ಪರಿಹಾರವಿದೆ. ಮಾಡಿದೆವು, ಎಣಿಕೆ 25 ದಾಟಿತು, ಒಂದೊಂದಾಗಿ ಯಂತ್ರಗಳು ‘ಆಕ್ಟಿವೇಟೆಡ್’ ಎಂದು ತೋರಿಸತೊಡಗಿದವು. ಲ್ಯಾಬ್ ಸಹಾಯಕ ಕಾಫಿ ತರಿಸಿದ. ಮರುದಿನ ನೋಡಿದರೆ ಆ ಲ್ಯಾಬಿನ ಯಂತ್ರಗಳು ಪರಸ್ಪರರ ಹಂಚಿಕೆಯ ಫೋಲ್ಡರ್‌ಗಳನ್ನು ತೆರೆಯಲೊಲ್ಲವು. ಪಾಸ್‌ವರ್ಡ್ ಸರಿಯಿದ್ದರೂ ತಪ್ಪೆನ್ನುತ್ತಿದ್ದವು. ಕ್ಲೋನ್ ಆದ ಯಂತ್ರಗಳಲ್ಲಿ ಎಸ್‌ಐಡಿ ಎಂಬ ಇನ್ನೊಂದು ಗುರುತೂ ಒಂದೇ ಆಗಿರುತ್ತದೆ. ಅದನ್ನು ಹಿಂದೆ ವಿಂಡೋಸ್ ಗಂಭೀರವಾಗಿ ಪರಿಗಣಿಸುತ್ತಿರಲಿಲ್ಲ. 2025ರ ಆಗಸ್ಟ್ ಕೊನೆಯ ನಂತರದ ವಿಂಡೋಸ್ 11 ಅಪ್‌ಡೇಟ್‌ಗಳು ಒಂದೇ ಎಸ್‌ಐಡಿ ಇರುವ ಯಂತ್ರಗಳ ನಡುವಿನ ಲಾಗಿನ್ ತಡೆಯುತ್ತವೆ. ರೀಆರ್ಮ್‌ನಿಂದ ಇದು ಬದಲಾಗುವುದಿಲ್ಲ. ಹೀಗಾಗಿ ಇಡೀ ಲ್ಯಾಬನ್ನು ಸಿಸ್‌ಪ್ರೆಪ್ ಮಾಡಿದ ಇಮೇಜ್‌ನಿಂದ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಅಷ್ಟರಲ್ಲಿ ರಜೆ ಮುಗಿದು ಪ್ರಾಯೋಗಿಕ ತರಗತಿಗಳು ಆರಂಭವಾಗಿದ್ದವು. ಉಳಿದದ್ದನ್ನು ಸಂಜೆ ನಾಲ್ಕರ ಮೇಲೆ, ಶನಿವಾರ ಮಧ್ಯಾಹ್ನ ಮಾಡಿದೆವು. ಕ್ಲೋನ್ ಮಾಡುವವರು ಸಿಸ್‌ಪ್ರೆಪ್ ಬಿಡಲೇಬೇಡಿ ಎಂದು ದಪ್ಪಕ್ಷರದಲ್ಲಿ ಬರೆಯಬೇಕೆನಿಸುತ್ತಿದೆ.

ಹಿಂದೆ ‘ಟೂಲ್’ ಹಾಕಿದ್ದ ಲ್ಯಾಬ್‌ನ ಕೆಲವು ಯಂತ್ರಗಳನ್ನು ಹೊಸದಾಗಿ ಹಾಕದೆ ಹಾಗೆಯೇ ಅಪ್‌ಗ್ರೇಡ್ ಮಾಡಿ ನೋಡಿದ್ದೆವು. ಅವು ಹೊಸ ವಿಂಡೋಸ್‌ನಲ್ಲೂ ಆ ಹಳೆಯ ಅಪರಿಚಿತ ವಿಳಾಸವನ್ನೇ ಕೇಳುತ್ತಿದ್ದವು. ಆ ವಿಳಾಸ ಅಳಿಸುವ ಆಜ್ಞೆ ಇದೆ, ಆದರೆ ಟೂಲ್ ಬೇರೇನು ಬಿಟ್ಟುಹೋಗಿದೆಯೋ ಎಂಬ ಸಂಶಯಕ್ಕೆ ಅವನ್ನೂ ಡಿಸ್ಕ್ ಅಳಿಸಿಯೇ ಮಾಡಿದೆವು. ಮೂಲೆಯ ಎರಡು ಯಂತ್ರಗಳು ಇಷ್ಟೆಲ್ಲ ಆದರೂ ಒಪ್ಪಲಿಲ್ಲ. ದೋಷದ ವಿವರ ಸಮಯದ ಬಗ್ಗೆ ಏನೋ ಹೇಳುತ್ತಿತ್ತು. ಪರದೆಯ ಬಲ ಮೂಲೆಯ ಗಡಿಯಾರ ನೋಡಿದರೆ ಎಷ್ಟೋ ವರ್ಷ ಹಿಂದಿನ ಜನವರಿ ಒಂದನೇ ತಾರೀಖು. ಯಂತ್ರದ ಮತ್ತು ಸರ್ವರ್‌ನ ಸಮಯದ ನಡುವೆ ನಾಲ್ಕು ತಾಸಿಗಿಂತ ಹೆಚ್ಚು ಅಂತರವಿದ್ದರೆ ಕೆಎಂಎಸ್ ಒಪ್ಪುವುದಿಲ್ಲ. ಕ್ಯಾಬಿನೆಟ್ ಬಿಚ್ಚಿ, ಧೂಳು ಊದಿ, ಮದರ್‌ಬೋರ್ಡ್‌ನಲ್ಲಿದ್ದ ನಾಣ್ಯದಾಕಾರದ ಸೆಲ್ ತೆಗೆದರೆ ಅದರ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿತ್ತು. ರಸ್ತೆಯಾಚೆಯ ವಾಚ್ ಅಂಗಡಿಯಲ್ಲಿ ಕೆಲವು ಹತ್ತು ರೂಪಾಯಿಗಳಿಗೆ ಸಿಕ್ಕ ಹೊಸ ಸೆಲ್‌ನಿಂದ ಸಮಸ್ಯೆ ಬಗೆಹರಿಯಿತು.

ಕೆಎಂಎಸ್ ಅನುಮತಿ 180 ದಿನಗಳದ್ದು. ಯಂತ್ರ ವಾರಕ್ಕೊಮ್ಮೆ ಸರ್ವರ್‌ನ್ನು ಸಂಪರ್ಕಿಸಿ ಅದನ್ನು ನವೀಕರಿಸಿಕೊಳ್ಳುತ್ತದೆ. ಮನೆಗೆ ಒಯ್ಯುವ ಲ್ಯಾಪ್‌ಟಾಪ್‌ಗಳಿಗೆ ಇದು ಹೊಂದುವುದಿಲ್ಲವಾದ್ದರಿಂದ ಅಂಥವಕ್ಕೆ ಎಂಎಕೆ ಕೀ ಹಾಕಿದೆವು. ಅದು ಒಮ್ಮೆ ಮೈಕ್ರೋಸಾಫ್ಟ್‌ನೊಂದಿಗೆ ಮಾತಾಡಿ ಶಾಶ್ವತವಾಗಿ ಆಕ್ಟಿವೇಟ್ ಆಗುತ್ತದೆ, ಆದರೆ ಅದರ ಬಳಕೆಯ ಸಂಖ್ಯೆಗೆ ಮಿತಿಯಿದೆ, ಪ್ರತಿ ಮರುಸ್ಥಾಪನೆಯೂ ಒಂದನ್ನು ಕಳೆಯಬಹುದು. ಇನ್ನೊಂದು ಸೂಕ್ಷ್ಮ: ಸರ್ವರ್ 30 ದಿನ ಸಂಪರ್ಕಿಸದ ಯಂತ್ರವನ್ನು ಎಣಿಕೆಯಿಂದ ಬಿಡುತ್ತದೆ. ಬೇಸಿಗೆ ರಜೆಯಲ್ಲಿ ಲ್ಯಾಬ್ ಮುಚ್ಚಿರುವಾಗ ಎಣಿಕೆ 25ಕ್ಕಿಂತ ಕೆಳಗಿಳಿದರೆ ಆಗ ಹೊಸ ಯಂತ್ರ ಆಕ್ಟಿವೇಟ್ ಆಗುವುದಿಲ್ಲ. ಹಾಗಾಗಿ ರಜೆಯಲ್ಲೂ ಆಗಾಗ ಲ್ಯಾಬ್ ತೆರೆದು ಯಂತ್ರಗಳನ್ನು ಹಚ್ಚಬೇಕೆಂದು ಸಹಾಯಕನಿಗೆ ಹೇಳಿದ್ದೇನೆ.

ಇನ್ನು ಕನ್ನಡದ ವಿಷಯ. ಹೊಸದಾಗಿ ವಿಂಡೋಸ್ ಹಾಕಿದ ಮೊದಲ ದಿನವೇ ಕಚೇರಿಯ ಗುಮಾಸ್ತರು ಗಾಬರಿಯಾಗಿ ಬಂದರು. “ಮೇಡಂ, ಸುತ್ತೋಲೆಗಳೆಲ್ಲ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗಿಬಿಟ್ಟಿವೆ, ಇಪ್ಪತ್ತು ವರ್ಷದ ಕಡತ ಹೋಯಿತಲ್ಲ!” ಕಡತ ಎಲ್ಲೂ ಹೋಗಿರಲಿಲ್ಲ. ಅವೆಲ್ಲ ಹಳೆಯ ‘ನುಡಿ’ ತಂತ್ರಾಂಶದಲ್ಲಿ, ಯುನಿಕೋಡ್ ಅಲ್ಲದ ಅಕ್ಷರ ಶೈಲಿಯಲ್ಲಿ ಟೈಪ್ ಮಾಡಿದವು. ಆ ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೆ ಹಾಗೆಯೇ ಕಾಣುತ್ತವೆ. ಫಾಂಟ್‌ಗಳ ಫೋಲ್ಡರ್‌ನ ಪ್ರತಿಯನ್ನು ಮೊದಲೇ ತೆಗೆದಿಟ್ಟಿದ್ದುದರಿಂದ ಮರಳಿ ಹಾಕಿದ ಕೂಡಲೇ ಸರಿಯಾಯಿತು. ಇನ್ನು ಯುನಿಕೋಡ್ ಕಡತಗಳಲ್ಲಿ ಬಳಸಿದ್ದ ತುಂಗಾ ಫಾಂಟ್ ವಿಂಡೋಸ್ 10ರಿಂದೀಚೆಗೆ ತಾನಾಗಿ ಬರುವುದಿಲ್ಲ. ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಕನ್ನಡ ಪೂರಕ ಫಾಂಟ್‌ಗಳನ್ನು ಆರಿಸಿ ಸೇರಿಸಬೇಕು. ಅಕ್ಷರಗಳು ಬೇರೆ ಫಾಂಟ್‌ನಲ್ಲಿ ಕಾಣುತ್ತವೆಯಾದರೂ ಪುಟದ ಅಳತೆ ಬದಲಾಗಿ, ಅಚ್ಚಿಗೆ ಸಿದ್ಧವಾಗಿದ್ದ ವಾರ್ಷಿಕ ಸಂಚಿಕೆಯ ಪುಟಗಳು ಹಿಂದುಮುಂದಾಗಿದ್ದವು. ಅಪ್‌ಡೇಟ್‌ಗಳನ್ನು ಒಳಗಿನ ಡಬ್ಲ್ಯುಎಸ್‌ಯುಎಸ್ ಸರ್ವರ್‌ನಿಂದ ಪಡೆಯುವ ಸಂಸ್ಥೆಗಳಲ್ಲಿ ಈ ಫಾಂಟ್ ಸೇರಿಸಲು ಹೋದರೆ 0954 ಎಂದು ಕೊನೆಗೊಳ್ಳುವ ದೋಷ ಬರಬಹುದು. ಐಚ್ಛಿಕ ಸೌಲಭ್ಯಗಳನ್ನು ನೇರ ಮೈಕ್ರೋಸಾಫ್ಟ್‌ನಿಂದ ಇಳಿಸಿಕೊಳ್ಳುವಂತೆ ಗ್ರೂಪ್ ಪಾಲಿಸಿಯಲ್ಲಿ ಬದಲಿಸಿದರೆ ಆಯಿತು.

ಲೆಕ್ಕಪತ್ರ ವಿಭಾಗದ ಒಂದು ಯಂತ್ರ ಮಾತ್ರ ವಿಂಡೋಸ್ 11 ಕಾಣಲೇ ಇಲ್ಲ. ಅದರಲ್ಲಿ ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ ಬರೆಸಿದ ಶುಲ್ಕದ ಪ್ರೋಗ್ರಾಂ ಇದೆ; ಹಳೆಯ ವಿದ್ಯಾರ್ಥಿಗಳು ನಕಲು ರಸೀದಿ ಕೇಳಿಕೊಂಡು ಬಂದಾಗ ಇಂದಿಗೂ ಅದೇ ಆಧಾರ. ಅಂಥ ಪ್ರೋಗ್ರಾಂಗಳು ನೇರವಾಗಿ ಓಡುವುದು 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಹಳೆಯ ಡಾಸ್ ವಾತಾವರಣವನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಪ್ರೋಗ್ರಾಂ ತೆರೆದುಕೊಂಡಿತು, ಆದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ರಸೀದಿ ಕಳಿಸಲು ಒಪ್ಪಲಿಲ್ಲ. ಲೆಕ್ಕಿಗರು, “ನಾನಿರೋವರೆಗೂ ಇದನ್ನ ಮುಟ್ಟಬೇಡಿಮ್ಮ” ಎಂದು ಕೈಮುಗಿದರು. ಆ ಯಂತ್ರವನ್ನು ಕಾಲೇಜಿನ ನೆಟ್‌ವರ್ಕ್‌ನಿಂದ ಬಿಡಿಸಿ, ಅದರ ಮಾಹಿತಿಯ ಪ್ರತಿಯನ್ನು ತಿಂಗಳಿಗೊಮ್ಮೆ ತೆಗೆಯುವ ವ್ಯವಸ್ಥೆ ಮಾಡಿದ್ದೇನೆ.

ಎಲ್ಲ ಮುಗಿದ ಮೇಲೆ ಒಂದು ಕಡತ ಮಾಡಿಟ್ಟಿದ್ದೇವೆ: ಪ್ರತಿ ಯಂತ್ರದ ಕ್ರಮಸಂಖ್ಯೆ, ಅದರ ಕೆಳಗಿನ ಲೈಸೆನ್ಸ್ ಯಾವುದು, ಆ ಬಿಲ್‌ನ ಪ್ರತಿ, ಈಗಿನ ಆವೃತ್ತಿ, ಕೆಎಂಎಸ್ ಅಥವಾ ಎಂಎಕೆ ಎಂಬ ವಿವರ. ಒಪ್ಪಂದ ವಾರ್ಷಿಕವಾದ್ದರಿಂದ ಅದನ್ನು ನವೀಕರಿಸದಿದ್ದರೆ ಎಜುಕೇಶನ್ ಆವೃತ್ತಿ ಬಳಸುವ ಹಕ್ಕು ಹೋಗುತ್ತದೆ, ಯಂತ್ರಗಳನ್ನು ಕೆಳಗಿನ ಲೈಸೆನ್ಸ್‌ನ ಆವೃತ್ತಿಗೆ ಮರಳಿಸಬೇಕಾಗುತ್ತದೆ. ನವೀಕರಣದ ದಿನಾಂಕಕ್ಕೆ ಮೂರು ತಿಂಗಳು ಮುಂಚೆಯೇ ಕೊಟೇಶನ್ ಕರೆಯಬೇಕೆಂದು ಆ ಕಡತದ ಮೊದಲ ಹಾಳೆಯಲ್ಲೇ ಬರೆದು ಕಾರ್ಯದರ್ಶಿಗಳ ಸಹಿ ಹಾಕಿಸಿದ್ದೇನೆ. ಗ್ರಂಥಾಲಯದ ಹಳೆಯ ಯಂತ್ರಗಳ ಇಎಸ್‌ಯು ಕೀಗಳು ಡಿಸೆಂಬರ್ ಮೊದಲ ವಾರದಲ್ಲಿ ಬಂದವು. ಅವುಗಳ ಬದಲಿಗೆ ಹೊಸ ಯಂತ್ರ ಕೊಳ್ಳುವ ಪ್ರಸ್ತಾವ ಮುಂದಿನ ವರ್ಷದ ಬಜೆಟ್ ಸಭೆಗೆ ಹೋಗಿದೆ, ಈ ಸಲ ‘ವಿಂಡೋಸ್ ಲೈಸೆನ್ಸ್ ಸಹಿತ’ ಎಂಬ ಷರತ್ತಿನೊಂದಿಗೆ.